ನಲವತ್ತನೇ ಪುಟದ ಅತ್ತೆ

"ಇದರಲ್ಲಿ ಕಥೆ ಎಷ್ಟು, ನಿಜ ಎಷ್ಟು?"

ಆ ದನಿ ಕೇಳಿದ್ದೇ ತಡ, ನೆವೆನಾ ಕೈಲಿದ್ದ ಚೀಟಿಯನ್ನು ಹಿಂದಕ್ಕೆಳೆದುಕೊಂಡಳು. ಕೊತೆಲ್ ಊರಿನ ಮುದ್ರಣದ ಅಂಗಡಿಯಲ್ಲಿ ಮುದುಕ ದೋಬ್ರಿ ಇರುತ್ತಾನೆಂದು ಬಂದಿದ್ದಳು. ಮೇಜಿನ ಹಿಂದೆ ಇದ್ದವನು ರಾಂಗೆಲ್... ಮೂರು ವರ್ಷದ ಹಿಂದೆ ನಿಶ್ಚಿತಾರ್ಥದ ಉಂಗುರ ವಾಪಸ್ ಕೇಳಿ, ಕಡಲ ಕಡೆಯ ಬಸ್ಸು ಹತ್ತಿದ್ದವನು!

ದೋಬ್ರಿಗೆ ಕಣ್ಣು ಮಂಜಾಗಿದೆ, ಅಂಗಡಿ ಈಗ ತನ್ನದೇ ಎಂದು ಹೇಳಿ, ಅವನು ಚೀಟಿಗೆ ಕೈ ಚಾಚಿದ.

ಅದು ಆರು ತಿಂಗಳ ಹಿಂದೆ ತೀರಿಕೊಂಡ ಅವನ ತಾಯಿ ಸ್ತಾಂಕಾಳ ಸಾವಿನ ಹಾಳೆಗೆ ಬರೆದ ಒಕ್ಕಣೆ. ಆ ಊರಿನಲ್ಲಿ ಸತ್ತವರನ್ನು ಗೋಡೆಗಳು ಮರೆಯಗೊಡುವುದಿಲ್ಲ. ನಲವತ್ತನೇ ದಿನಕ್ಕೆ, ಆರು ತಿಂಗಳಿಗೆ, ವರ್ಷಕ್ಕೆ ಎಂದು ಫೋಟೊ ಹಾಕಿದ ಹಾಳೆ ಬಾಗಿಲಿಗೆ, ಕಂಬಕ್ಕೆ ಅಂಟುತ್ತಲೇ ಇರುತ್ತದೆ. ಬದುಕಿದ್ದಾಗ ಯಾರಿಗೂ ಮುಖ ಕೊಡದವರೂ ಆಮೇಲೆ ಊರಿಗೆಲ್ಲ ಮುಖ ತೋರಿಸುತ್ತಾರೆ.

ಸ್ತಾಂಕಾಳ ಮುಖ ಮಾತ್ರ ಊರಿಗೆ ಮೊದಲೇ ಪರಿಚಯ. ನೆವೆನಾಳ ಕಾದಂಬರಿಯಿಂದ.

ಅದರ ನಲವತ್ತನೇ ಪುಟದಲ್ಲಿ ಒಬ್ಬಳು ಅತ್ತೆ. ಕಾಫಿ ಅಂಗಡಿಯ ಸಕ್ಕರೆ ತುಂಡುಗಳನ್ನು ಕರವಸ್ತ್ರದಲ್ಲಿ ಕಟ್ಟಿ ಜೇಬಿಗಿಳಿಸುವ ಮಹಾ ಜಿಪುಣಿ. ಕೆಮ್ಮು ಸ್ತಾಂಕಾಳದು, ಕರವಸ್ತ್ರದ ನೀಲಿ ಅಂಚು ಸ್ತಾಂಕಾಳದು. ಕಲ್ಪನೆಯಿಂದ ಬಂದದ್ದು ಹೆಸರೊಂದೇ. ಊರು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿತು. ನಗದವನು ರಾಂಗೆಲ್ ಒಬ್ಬನೇ.

ಸ್ತಾಂಕಾಳನ್ನು ಮಣ್ಣು ಮಾಡಿದ ದಿನ ನೆವೆನಾ ಬಂದಿರಲಿಲ್ಲವೆಂದಲ್ಲ. ಎದುರು ಬೀದಿಯಲ್ಲಿ ಮರದ ಮರೆಯಲ್ಲಿ ನಿಂತಿದ್ದಳು.

ರಾಂಗೆಲ್ ಚೀಟಿ ಓದಿದ. ಎಲ್ಲ ಹಾಳೆಗಳಲ್ಲೂ ಇರುವ ಸವೆದ ಮಾತುಗಳು. ಅವನು ಕಪಾಟಿನಿಂದ ಒಂದು ತಗಡಿನ ಡಬ್ಬಿ ತೆಗೆದು ಮುಂದಿಟ್ಟ. ಒಳಗೆ ಸಕ್ಕರೆ ತುಂಡುಗಳು. ನೀಲಿ ಅಂಚಿನ ಕರವಸ್ತ್ರವೂ ಇತ್ತು.

"ಅಮ್ಮಂಗೆ ಸಕ್ಕರೆ ಕಾಯಿಲೆ ಇತ್ತು ಕಣೇ. ಕಾಫಿ ಜೊತೆ ಅವಳಿಗೆ ಕೊಟ್ಟಿದ್ದನ್ನೇ ಮನೆಗೆ ತರ್ತಿದ್ಲು. ನಮ್ಮನೇಲಿ ಮೂರು ತುಂಡು ಹಾಕ್ಕೊಂಡು ಕಾಫಿ ಕುಡೀತಿದ್ದವಳು ಯಾರು, ಹೇಳು?"

ನೆವೆನಾಳೇ. ಎಷ್ಟು ಸಲ ಕುಡಿದಿದ್ದಳು! 'ಕರವಸ್ತ್ರದ ಅಂಚು ನೋಡಿದೆ... ಒಳಗಿನ ಸಕ್ಕರೆ ಯಾರಿಗೆ ಅಂತ ಒಂದು ಸಲ ಕೇಳಲಿಲ್ಲವಲ್ಲ...'

"ಅವರು... ಓದಿದ್ರಾ?"

ಓದಿದ್ದಳಂತೆ. ಕೆಮ್ಮು ಬರುವಷ್ಟು ನಕ್ಕಿದ್ದಳಂತೆ. ಹುಡುಗಿಗೆ ಕಣ್ಣು ಚುರುಕು, ಕೇಳೋ ಬಾಯಿ ಮಾತ್ರ ಇಲ್ಲ ಅಂದಿದ್ದಳಂತೆ. ಆಮೇಲೂ ತುಂಡು ಕೂಡಿಡುವುದನ್ನು ಬಿಡಲಿಲ್ಲ. ಮಗ ಫೋನ್ ಮಾಡಿದಾಗಲೆಲ್ಲ ಒಂದೇ ಮಾತು, ಹೋಗಿ ಆ ಹುಡುಗೀನ ಕರ್ಕೊಂಡು ಬಾ.

"ನಾನು ಹೋಗ್ಲಿಲ್ಲ," ಎಂದ ರಾಂಗೆಲ್, ತಲೆ ತಗ್ಗಿಸಿ. "ನೀನು ಬರ್ದು ನೋಯಿಸ್ದೆ. ನಾನು ಬಾರ್ದೇನೇ ನೋಯಿಸ್ದೆ."

ಅವಳು ಚೀಟಿ ಹರಿದಳು. ಹೊಸ ಹಾಳೆ ಕೇಳಿ ನಿಂತಲ್ಲೇ ಬರೆದಳು. ಬರಹಗಾರ್ತಿಯಾಗಿ ಇಷ್ಟು ನಿಧಾನವಾಗಿ ಎಂದೂ ಬರೆದವಳಲ್ಲ.

'ಸ್ತಾಂಕಾ. ತಾನು ಬಾಯಿಗಿಡದ ಸಕ್ಕರೆಯನ್ನು ಇನ್ನೊಬ್ಬಳಿಗಾಗಿ ಕೂಡಿಟ್ಟವಳು. ನಾನು ಅವಳನ್ನು ನೋಡಿದೆ. ಕಾಣಲಿಲ್ಲ.'

ಅವನು ಬಹಳ ಹೊತ್ತು ಓದಿದ. ಕೆಲವೇ ಸಾಲಲ್ಲ, ಇಡೀ ಪುಸ್ತಕವೇ ಇದ್ದಂತೆ.

"ಕೆಳಗೆ ದುಃಖತಪ್ತರು ಅಂತ ಹೆಸರು ಹಾಕ್ಬೇಕು. ನೀನು ಅವಳಿಗೆ ಏನಾಗ್ಬೇಕು?"

ಈ ಪ್ರಶ್ನೆಗೆ ಹೆದರಿಯೇ ಆ ಜಾಗವನ್ನು ಹರಿದ ಚೀಟಿಯಲ್ಲೂ ಖಾಲಿ ಬಿಟ್ಟಿದ್ದಳು.

"ಹಾಕ್ಬೇಡ, ರಾಂಗೆಲ್. ಆ ಹಕ್ಕು ನಂಗಿಲ್ಲ."

ಅವನು ಯಂತ್ರದ ಕಡೆ ತಿರುಗಿದ. ಬೆರಳುಗಳು ಕೀಲಿಗಳ ಮೇಲೆ ಓಡಿದವು. ಯಂತ್ರ ಗೊರಗೊರ ಎಂದು ಬೆಚ್ಚಗಿನ ಹಾಳೆಯೊಂದನ್ನು ಉಗುಳಿತು. ಅದರ ಫೋಟೊದಲ್ಲಿ ತಲೆಗೆ ವಸ್ತ್ರ ಕಟ್ಟಿದ ಸ್ತಾಂಕಾ ನಗುತ್ತಿದ್ದಳು. ಅವಳ ಕೆಳಗೆ:

'ಮಗ ರಾಂಗೆಲ್, ಸೊಸೆ ನೆವೆನಾ.'

ಅಕ್ಷರಗಳು ಅವಳ ಕಣ್ಣೀರಿನಲ್ಲಿ ಕದಡಿದವು.

"ಇದು... ನಿಜ ಅಲ್ವಲ್ಲ..."

"ನಿನ್ನನ್ನ ಅಮ್ಮ ಹಾಗೇ ಕರೀತಿದ್ಲು. ನಾನು ತಿದ್ದಲ್ಲ."

ಆಮೇಲೆ ಅವನು ಡಬ್ಬಿಯನ್ನು ಅವಳ ಕಡೆ ಸರಿಸಿದ.

"ನಾಳೆ ಬೆಳಿಗ್ಗೆ ಅಮ್ಮನ ಸಮಾಧಿ ಮೇಲಿಡೋಕೆ ಕಾಫಿ ತಗೊಂಡು ಹೋಗ್ಬೇಕು. ಬರ್ತೀಯಾ?"

"ಅವರ ಲೋಟಕ್ಕೆ ಸಕ್ಕರೆ ಹಾಕೋದಾ?"

"ಬೇಡ, ಬೈತಾಳೆ. ಮೂರೂ ನಿಂಗೇ."