ಪಡಿದೇಹ ಮತ್ತು ಮಜ್ಜಿಗೆ

ಬೆಳಿಗ್ಗೆಯಿಂದ ಪಡಿದೇಹ ಸಾವಿರಾರು ಸಲ ಮಾತ್ರೆ ನುಂಗಿತ್ತು. ಗೋಡೆಯಗಲದ ಪರದೆಯಲ್ಲಿ ನಿಂತ ಆ ಮನುಷ್ಯಾಕೃತಿಯ ಗಂಟಲಿಳಿದ ಮಾತ್ರೆ ಹೊಟ್ಟೆಯಲ್ಲಿ ಕರಗಿ, ಯಕೃತ್ತು ದಾಟಿ, ರಕ್ತದಲ್ಲಿ ಹರಿದು ಶ್ವಾಸಕೋಶ ಮುಟ್ಟುವುದು ಬಣ್ಣಬಣ್ಣವಾಗಿ ಕಾಣುತ್ತಿತ್ತು. ಜಗತ್ತಿನ ಔಷಧ ಪ್ರಯೋಗಗಳ ದಾಖಲೆಗಳನ್ನೆಲ್ಲ ಉಂಡು ಬೆಳೆದ ಕಂಪ್ಯೂಟರ್ ಶರೀರ ಅದು. ಹೊಸ ಮದ್ದನ್ನು ಮೊದಲು ಅದಕ್ಕೆ ಕೊಟ್ಟು ಆಮೇಲೆ ಮನುಷ್ಯರಿಗೆ ಕೊಡುವುದು ೨೦೫೦ರ ದಶಕದ ರೂಢಿ. ಸುಳ್ಳೇಕೆ ಹೇಳಬೇಕು, ಅದು ಬಂದ ಮೇಲೆ ಇಲಿ ಮೊಲಗಳು ಬದುಕಿಕೊಂಡವು, ಮದ್ದಿನ ಬೆಲೆಯೂ ಇಳಿಯಿತು.

"ಈ ಜಿಲ್ಲೆಯಲ್ಲಿ ಕ್ಷಯ ಇಳಿಯುತ್ತಿಲ್ಲ. ರೋಗಿಗಳು ದಿನ ಬಿಟ್ಟು ದಿನ ಮಾತ್ರೆ ತಪ್ಪಿಸುತ್ತಿದ್ದಾರೆ," ಎಂದಿತು ಪಡಿದೇಹ. "ಪ್ರಮಾಣ ಎರಡು ಪಟ್ಟು ಮಾಡಿ."

ಡಾಕ್ಟರ್ ಜುಲೇಖಾ ಮಣಿಯಾರ್‌ಗೆ ಮೈಯೆಲ್ಲ ಉರಿದುಹೋಯಿತು. ತುಂಗಭದ್ರೆಯ ಬಯಲಿನ ಆ ವೈದ್ಯಕೀಯ ಕಾಲೇಜಿನಲ್ಲಿ ಅವಳು ಔಷಧಶಾಸ್ತ್ರದ ಅಧ್ಯಾಪಕಿ. ಮದ್ದು ಮೈಗೆ ಏನು ಮಾಡುತ್ತದೆ, ಮೈ ಮದ್ದಿಗೆ ಏನು ಮಾಡುತ್ತದೆ ಎಂದು ಹೇಳಿಕೊಡುವ ಕೆಲಸ. ವಾರ್ಡಿನಲ್ಲಿ ಅಂಟಿದ ಕ್ಷಯಕ್ಕೆ ಅವಳೂ ಅದೇ ಮಾತ್ರೆಯನ್ನು ಬರೀ ನೀರಿನಲ್ಲಿ ನುಂಗುತ್ತಿದ್ದಳು. ಎಲ್ಲ ರೋಗಿಗಳಂತೆ ಅವಳ ಕೈಯಲ್ಲೂ ರೋಗ ಎಷ್ಟು ಇಳಿಯಿತು, ಕಣ್ಣು ಕಿವಿ ಹೇಗಿವೆ ಎಂದು ಪಡಿದೇಹಕ್ಕೆ ಸುದ್ದಿ ಮುಟ್ಟಿಸುವ ಕಡಗವಿತ್ತು; ರಕ್ತದಲ್ಲಿನ ಮದ್ದನ್ನು ಅದು ಅಳೆಯುತ್ತಿರಲಿಲ್ಲ. ಅವಳ ರೋಗ ಇಳಿಯುತ್ತಿತ್ತು, ಉಳಿದವರದು ಇಳಿಯುತ್ತಿರಲಿಲ್ಲ.

ಯಾಕೆಂದು ಅವಳಿಗೆ ಗೊತ್ತಿತ್ತು. ಮಾತ್ರೆಯ ಪೊಟ್ಟಣದ ಮೇಲೆ 'ಹಾಲಿನೊಂದಿಗೆ ಬೇಡ' ಎಂದು ಬರೆದಿತ್ತು, ಏಕೆಂದರೆ ಹಾಲಿನ ಕ್ಯಾಲ್ಸಿಯಂ ಆ ಮದ್ದನ್ನು ಹಿಡಿದಿಟ್ಟು ರಕ್ತಕ್ಕೆ ಬಿಡುವುದಿಲ್ಲ. ಜನ ಪಾಪ ಹಾಲು ಬಿಟ್ಟರು. ಮಾತ್ರೆ ಉಷ್ಣ ಎಂದು ಮಜ್ಜಿಗೆಯ ಜೊತೆ ನುಂಗಿದರು. ತಲೆ ಸೀಳುವ ಬಿಸಿಲಿನಲ್ಲಿ ಇನ್ನೇನು ಕುಡಿದಾರು? ಮಜ್ಜಿಗೆಯನ್ನು ಹಾಲೆಂದು ಕರೆಯುವವರು ಆ ಸೀಮೆಯಲ್ಲಿ ಯಾರೂ ಇಲ್ಲ. ಪಡಿದೇಹ ರೋಗಿಗಳಿಗೆ ಕೇಳುತ್ತಿದ್ದ ಪ್ರಶ್ನೆಗಳಲ್ಲಿ ದ್ರಾಕ್ಷಿರಸವಿತ್ತು, ವೈನ್ ಇತ್ತು, ಮಜ್ಜಿಗೆ ಇರಲಿಲ್ಲ. ಹೋದ ವಾರವಷ್ಟೇ ಅವಳು ವಾರ್ಡಿನಲ್ಲಿ ಮಜ್ಜಿಗೆಯ ತಂಬಿಗೆಗಳನ್ನು ಕಂಡು, ನೀರಿನಲ್ಲಿ ನುಂಗಿರೆಂದು ಎಲ್ಲರಿಗೂ ಹೇಳಿಬಂದಿದ್ದಳು.

"ಮಜ್ಜಿಗೆಯನ್ನು ಲೆಕ್ಕಕ್ಕೆ ಸೇರಿಸು," ಎಂದಳು.

"ನಿಮ್ಮ ಕೇಂದ್ರಕ್ಕೆ ಕೇಳುವ ಪರವಾನಗಿ ಇದೆ. ಕಲಿಸುವ ಪರವಾನಗಿ ಇಲ್ಲ."

ಕಲಿಸುವ ಪರವಾನಗಿಗೆ ವಿದೇಶದ ತರಬೇತಿ ಬೇಕು. ತರಬೇತಿಗೆ ಸೀಟು ಸಿಗಲು ಪ್ರಕಟವಾದ ಸಂಶೋಧನೆ ಬೇಕು. ಸಂಶೋಧನೆ ಮಾಡಲು ಕಲಿಸುವ ಪರವಾನಗಿ ಬೇಕು. ಹುಚ್ಚು ಬಿಡದೆ ಮದುವೆಯಾಗುವುದಿಲ್ಲ, ಮದುವೆಯಾಗದೆ ಹುಚ್ಚು ಬಿಡುವುದಿಲ್ಲ. ಬಡ ದೇಶದ ವಿಜ್ಞಾನಿಯ ಹಣೆಬರಹವೇ ಇದು.

ಅವಳು ನಿರ್ದೇಶಕ ಸಾಲಿಮಠರ ಕೋಣೆಗೆ ನುಗ್ಗಿದಳು.

"ಸರ್, ಡೋಸ್ ಡಬಲ್ ಮಾಡಬ್ಯಾಡ್ರಿ. ಈಗ ಬ್ಯಾಸಗಿ, ಮಜ್ಜಿಗಿ ಅರ್ಧಾ ಮದ್ದು ತಡಿತದ. ಮಳಿ ಬಿದ್ದ ಮ್ಯಾಲೆ ಮಂದಿ ಮಜ್ಜಿಗಿ ಬಿಡ್ತಾರ. ಆಗ ಪೂರಾ ರಕ್ತಕ್ಕ ಹೋಗಿ ಕಿವಿ ಹೋಗ್ತಾವ."

"ಪುರಾವೆ ಕೊಡ್ರಿ."

"ನಾಕು ಮಂದಿ ರಕ್ತದಾಗಿನ ಮದ್ದು ಅಳದ್ರ ಸಾಕ್ರಿ. ಆದ್ರ ಅಳಿಯೋ ಯಂತ್ರ ನೀವು ಗುಜರಿಗೆ ಹಾಕೀರಿ."

"ಅದನ್ನ ನಡಸೋರು ಯಾರಿದ್ರು? ಕಲಿತೋರು ರಿಟೈರ್ ಆದ್ರು. ನಿಮಗರೆ ಬರ್ತಿತ್ತೇನು?"

ಬರುತ್ತಿರಲಿಲ್ಲ. ಅವಳಿಗೆ ಯಾರೂ ಕಲಿಸಿರಲಿಲ್ಲ.

"ಇಡೀ ಜಗತ್ತಿನ ಶಾಸ್ತ್ರ ಒಂದು ಕಡಿ, ನಿಮ್ಮ ಮಜ್ಜಿಗಿ ಗಡಿಗಿ ಒಂದು ಕಡಿ! ಸುಮ್ಮ ಪಾಠಾ ಮಾಡ್ಕೋತ ಇರ್ರಿ," ಎಂದು ಸಾಲಿಮಠರು ಆದೇಶಕ್ಕೆ ಹೆಬ್ಬೆರಳು ಒತ್ತಿದರು.

ಮೆಟ್ಟಿಲಿಳಿಯುವಾಗ ಅವಳಿಗೆ ಹೊಳೆಯಿತು. ಇನ್ನು ಮೇಲೆ ಮಾತ್ರೆಯನ್ನು ಸರಿಯಾಗಿ, ಬರೀ ನೀರಿನಲ್ಲಿ ನುಂಗಿದವರೇ ಕೆಡುವವರು! ಅಂದರೆ ಅವಳ ಮಾತು ಕೇಳಿದವರು. ಜನರನ್ನು ಇನ್ನು ಮಜ್ಜಿಗೆಯೇ ಕಾಯಬೇಕು.

ಅಂದಿನಿಂದ ಅವಳು ತಾನೂ ಮಜ್ಜಿಗೆಯಲ್ಲಿ ನುಂಗಿದಳು. ಊರೂರು ತಿರುಗಿ, ಮಳೆಗಾಲದಲ್ಲೂ ಮಜ್ಜಿಗೆ ಬಿಡಬೇಡಿರೆಂದು ರೋಗಿಗಳಿಗೆ ಕೈಮುಗಿದಳು. ಓದಿದ ಶಾಸ್ತ್ರಕ್ಕೆ ತಿರುಗುಮುರುಗಾದ ಪಾಠ ಹೇಳುತ್ತ ನಡೆಯುವುದು ಅವಳಿಗೆ ಹೇಸಿಗೆಯೆನಿಸಿತು.

"ಮೊದ್ಲು ನೀರಾಗ ಅಂದಿ, ಈಗ ಮಜ್ಜಿಗ್ಯಾಗ ಅಂತಿ," ಎಂದು ಹುಲಿಗೆಮ್ಮ ಎಂಬ ಮುದುಕಿ ಗದರಿದಳು. "ಈ ಥಂಡ್ಯಾಗ ಮಜ್ಜಿಗಿ ಕುಡಿಸಿ ಕೊಲ್ತಿಯೇನವ್ವ? ಎಂಥಾ ಡಾಕ್ಟರಕಿ ನೀ?"

ಬೈದುಕೊಂಡೇ ಕುಡಿದಳು. ಉಳಿದವರೂ ಬೈದುಕೊಂಡೇ ಕುಡಿದರು.

ಮಳೆಗಾಲ ಮುಗಿದಾಗ ಸಾಲಿಮಠರು ಅವಳನ್ನು ಕರೆಸಿ ಪೇಡೆ ಕೊಟ್ಟರು.

"ನೋಡ್ರಿ ಮೇಡಂ, ರೋಗ ಇಳಿತು, ಒಬ್ಬರ ಕಿವಿನೂ ಹೋಗಿಲ್ಲ. ಪಡಿದೇಹ ನಮ್ಮ ಜಿಲ್ಲಾ ನೋಡಿ ಕಲಿತದ. ಹೊಸ ವರ್ಷದಿಂದ ಹನ್ನೊಂದು ದೇಶದಾಗ ಇದೇ ಡೋಸು."

ಅವಳ ಕೈಯಲ್ಲಿದ್ದ ಪೇಡೆ ಹಾಗೇ ಉಳಿಯಿತು. ಅವಳು ಜನರನ್ನು ಉಳಿಸಿದ್ದೇ ತಪ್ಪಿಗೆ ಸಾಕ್ಷಿಯಾಗಿತ್ತು. "ಅಲ್ಲಿ ಮಂದಿ ಮಾತ್ರಿ ಜೋಡಿ ಮಜ್ಜಿಗಿ ಕುಡಿತಾರೇನ್ರಿ?"

"ಮತ್ತ ಅದೇ ಮಜ್ಜಿಗಿ! ಒಬ್ಬ ರೋಗಿ ಕಿವಿ ಹೋದ್ರೂ ಆದೇಶ ತಾನಾಗೇ ನಿಂತು ವಿಚಾರಣಾ ಆಗ್ತದ. ಹೋಗ್ಯಾವೇನು ಹೇಳ್ರಿ?"

ಅವಳು ನೇರ ಪಡಿದೇಹದ ಮುಂದೆ ಹೋಗಿ ನಿಂತಳು. "ಈ ಜಿಲ್ಲೆಯವರ ರಕ್ತದಲ್ಲಿ ಮದ್ದು ಎಷ್ಟು ಸೇರುತ್ತದೆಂದು ಈ ಶತಮಾನದ ಮೊದಲ ಮೂವತ್ತು ವರ್ಷಗಳಲ್ಲಿ ಅಳೆದ ದಾಖಲೆ ಎಷ್ಟಿದೆ?"

"ಒಂದೂ ಇಲ್ಲ."

"ಆಗ ಇಲ್ಲಿ ಔಷಧಶಾಸ್ತ್ರ ವಿಭಾಗ ಇರಲಿಲ್ಲವೇ?"

"ಇತ್ತು. ಪ್ರಾಧ್ಯಾಪಕರಿದ್ದರು. ಪ್ರತಿವರ್ಷ ಪರೀಕ್ಷೆ ನಡೆದಿದೆ, ಬಹುತೇಕ ಎಲ್ಲರೂ ಪಾಸಾಗಿದ್ದಾರೆ."

ಜುಲೇಖಾ ಆ ಕಾಲದವರನ್ನೆಲ್ಲ ಮನಸಾರೆ ಶಪಿಸಿದಳು. ಅವರಿಗೆ ಯಂತ್ರ ಹಚ್ಚಿ ಅಳೆಯೋಣ ಎಂದು ಜಗಳವಾಡಲು ಬಾಯಿತ್ತು, ಹುಡುಗರಿಗೆ ಕಲಿಸಲು ಕೈಯಿತ್ತು, ಎಲ್ಲಕ್ಕಿಂತ ಮಿಗಿಲಾಗಿ ವೇಳೆಯಿತ್ತು.

ಪಡಿದೇಹಕ್ಕೆ ಕಲಿಸಲು ಪರವಾನಗಿ ಬೇಕು. ಅದರ ಕಣ್ಣೆದುರು ಕೆಡಲು ಬೇಕಿಲ್ಲ. ಅವಳ ಚಿಕಿತ್ಸೆ ಇನ್ನೂ ಮುಗಿದಿರಲಿಲ್ಲ, ಕೈಯಲ್ಲಿ ಕಡಗವೂ ಇತ್ತು. ಅಂದು ಅವಳು ಆದೇಶದಂತೆ ಎರಡು ಮಾತ್ರೆಗಳನ್ನು ಬರೀ ನೀರಿನಲ್ಲಿ ನುಂಗಿದಳು. ಮರುದಿನವೂ, ಅದರ ಮರುದಿನವೂ ನುಂಗಿದಳು. ಭಯವಾಗುತ್ತಿತ್ತು, ಆದರೂ ನುಂಗಿದಳು. ಮೊದಲು ಕಿವಿಯಲ್ಲಿ ಗುಂಯ್‌ಗುಡುವ ಸದ್ದು ಬಂತು, ಆಮೇಲೆ ಅದೂ ಹೋಯಿತು.

ಕಡಗ ಸುದ್ದಿ ಮುಟ್ಟಿಸಿತು, ಆದೇಶ ನಿಂತಿತು. ಹೊಸ ವರ್ಷ ಬರುವ ಮೊದಲೇ ವಿಚಾರಣೆಗೆ ದೊಡ್ಡವರು ಬಂದರು, ಮೊದಲ ಸಲ ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡರು, ಮಜ್ಜಿಗೆಯನ್ನು ಲೆಕ್ಕಕ್ಕೆ ಸೇರಿಸಿದರು. ಕೊನೆಗೆ ಒಬ್ಬರು ಅವಳತ್ತ ಬಾಗಿ ಏನೋ ಕೇಳಿದರು. ಅವಳು ಕಿವಿಯ ಕಡೆ ಬೆರಳು ಮಾಡಿ ಕೇಳುವುದಿಲ್ಲವೆಂದು ತಲೆಯಾಡಿಸಿದಳು. ಅವರು ಚೀಟಿಯಲ್ಲಿ ಬರೆದರು: 'ಇಷ್ಟು ಸಣ್ಣ ವಿಷಯ. ಇದನ್ನು ನಿಮ್ಮಲ್ಲಿ ಮೂವತ್ತು ವರ್ಷದ ಹಿಂದೆಯೇ ಯಾರೂ ಯಾಕೆ ಅಳೆಯಲಿಲ್ಲ?'

ಜುಲೇಖಾ ಅದನ್ನು ಓದಿ ಚೀಟಿಯನ್ನು ಮೇಜಿನ ಆಚೆಗೆ ತಳ್ಳಿದಳು. ತನ್ನ ದನಿ ತನಗೇ ಕೇಳದ್ದರಿಂದ ತುಸು ಜೋರಾಗಿಯೇ ಹೇಳಿದಳು:

"ಅದನ್ನ ಆಗ ಬದುಕಿದ್ದೋರಿಗೆ ಕೇಳ್ರಿ."