ಭುಜದ ನೋವಿಗೆ ಕಾಲಿಗೆ ಸೂಜಿ

“ನಾಲಗೆ ತೋರಿಸ್ರಿ.”

ಆ ದನಿಗೆ ಶಿವಗಂಗಾ ತಟ್ಟನೆ ತಲೆಯೆತ್ತಿದಳು. ಅವನೇ! ಯುಗಾದಿ ಕಳೆದ ಮೇಲೆ ಹೆಣ್ಣು ನೋಡಲು ಧರ್ಮಪುರದ ಅವಳ ಮನೆಗೆ ಬಂದಿದ್ದ ಲಕ್ಷ್ಮೀಕಾಂತ್!

ಚಿತ್ರದುರ್ಗದಲ್ಲಿ ಅಕ್ಯುಪಂಕ್ಚರ್ ಡಾಕ್ಟರಾಗಿದ್ದವನು ಹಿರಿಯೂರಿಗೆ ಬಂದು ಸ್ವಂತ ಕ್ಲಿನಿಕ್ ತೆರೆದದ್ದು ಅವಳಿಗೆ ಹೇಗೆ ಗೊತ್ತಾಗಬೇಕು? ಅವಳದು ಬಸ್ ಕಂಡಕ್ಟರ್ ಕೆಲಸ. ಕಂಬಿ ಹಿಡಿದು ಹಿಡಿದು ಬಲಭುಜ ಸೋತಿತ್ತು. ಆಸ್ಪತ್ರೆಯ ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ, ನೋವು ಮಾತ್ರ ಹೋಗಲಿಲ್ಲ. ಡಿಪೋದಲ್ಲಿ ಯಾರೋ ಈ ವಿಳಾಸ ಕೊಟ್ಟಿದ್ದರು.

“ಯಾಕೆ, ಅವತ್ತು ನಾಲಗೆ ನೋಡೋದು ಬಾಕಿ ಉಳಿದಿತ್ತಾ?” ಎಂದು ಸಿಡುಕಿದಳು.

ಅವತ್ತು... ಅವಳು ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದಾಗ ಇವನು, “ಭುಜ ನೋವಾ? ನಿದ್ದೆ ಬರ್ತೈತಾ? ಹಸಿವು ಹೆಂಗೆ?” ಎಂದು ಎಲ್ಲರ ಎದುರೇ ಕೇಳಿದ್ದ. ಸಂತೆಯಲ್ಲಿ ಎತ್ತಿನ ಹಲ್ಲು ನೋಡಿದ ಹಾಗೆ! ‘ಹುಡುಗಿಗೆ ಕಾಯಿಲೆ ಅಂತ ಅವರಿಗೆ ಅನುಮಾನ, ಸಂಬಂಧ ಬ್ಯಾಡವಂತೆ’ ಎಂದು ಸೋದರಮಾವ ಜಂಬಣ್ಣ ಆಮೇಲೆ ಹೇಳಿದ್ದ. ನೋಡಿದ ಗಳಿಗೆಯಲ್ಲೇ ಇವನನ್ನು ಮೆಚ್ಚಿದ್ದವಳು ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿ ಅತ್ತಿದ್ದಳು. ಈ ಭಾನುವಾರ ಹೊಳಲ್ಕೆರೆಯಿಂದ ಇನ್ನೊಂದು ಗಂಡು ಬರುವುದಿತ್ತು. ಮನಸ್ಸಿಲ್ಲದಿದ್ದರೂ ಹೂಂ ಎಂದಿದ್ದಳು.

ಎದ್ದು ಹೋಗೋಣವೆಂದು ಚೀಲಕ್ಕೆ ಕೈ ಹಾಕಿದಳು. ಕೈ ಅರ್ಧಕ್ಕೇ ನಿಂತಿತು!

“ಕುಂತ್ಕಳ್ರಿ. ನನ್ನ ಮೇಲಿನ ಸಿಟ್ಟು ಆ ಭುಜದ ಮೇಲೆ ಯಾಕೆ?” ಎಂದ ಅವನು ಮೆಲ್ಲಗೆ. “ಹೊಸಬರು ಯಾರೇ ಬಂದ್ರೂ ನಾಲಗೆ, ನಾಡಿ ನೋಡ್ತೀನಿ. ಚೀನಾ ವೈದ್ಯದ ಪದ್ಧತಿ ಇದು.”

ವಿಧಿಯಿಲ್ಲದೆ ನಾಲಗೆ ಚಾಚಿದಳು. ಆಮೇಲೆ ಅವನು ಎರಡೂ ಕೈಗಳ ನಾಡಿ ಹಿಡಿದ.

“ಓಡಿ ಬಂದ್ರಾ?”

“ಇಲ್ಲ!”

“ನಾಡಿ ಓಡ್ತಾ ಐತೆ...”

ಹಾಳಾದ್ದು, ಮಾನ ಕಳೆಯಿತು! ಶಿವಗಂಗಾ ಗೋಡೆಯ ಕಡೆ ಮುಖ ತಿರುಗಿಸಿದಳು.

“ಏನಾದ್ರೂ ತಿಂದಿದೀರಾ? ಖಾಲಿ ಹೊಟ್ಟೇಲಿ ಸೂಜಿ ಹಾಕಿದ್ರೆ ತಲೆ ಸುತ್ತಬಹುದು.”

ಬೆಳಗಿನ ಟ್ರಿಪ್ ಮುಗಿಸಿ ಅವಳು ಹಾಗೇ ಬಂದಿದ್ದಳು. ಅವನು ತನ್ನ ಡಬ್ಬಿಯ ಇಡ್ಲಿಯನ್ನೇ ಮುಂದಿಟ್ಟು, ತಿಂದು ಮುಗಿಸುವವರೆಗೂ ಕಾದ.

ಸಹಾಯಕಿ ಹುಲಿಗೆಮ್ಮ ಅವಳನ್ನು ಮಂಚದ ಮೇಲೆ ಮಲಗಿಸಿದಳು. ಅವನು ಕಣ್ಣೆದುರೇ ಹೊಸ ಪ್ಯಾಕೆಟ್ ಒಡೆದ. ಕೂದಲಿನಷ್ಟು ಸಣ್ಣ ಸೂಜಿ. ಆದರೆ ಹಾಕಿದ್ದು ಮೊಣಕಾಲಿನ ಕೆಳಗೆ!

“ಅಯ್ಯೋ! ಭುಜ ನೋವಿಗೆ ಕಾಲಿಗೆ ಸೂಜಿಯಾ?”

“ನಮ್ಮಲ್ಲಿ ಹಂಗೇ. ಮೊದ್ಲು ಇರುವೆ ಕಚ್ಚಿದಂಗೆ ಆಗ್ತೈತೆ, ಆಮೇಲೆ ಭಾರ ಅನ್ಸ್ತೈತೆ. ಒಂದೇ ಸಲಕ್ಕೆ ವಾಸಿ ಆಗ್ತೈತೆ ಅಂತ ಸುಳ್ಳು ಹೇಳಲ್ಲ. ಬ್ಯಾಡ ಅನ್ಸಿದ್ರೆ ಹೇಳ್ರಿ, ತಕ್ಷಣ ತೆಗೀತೀನಿ.”

ಕಾಲು ಜುಮ್ಮೆಂದಿತು. ನಿಧಾನವಾಗಿ ಮೈಯೆಲ್ಲ ಹಗುರಾಯಿತು. ಅಷ್ಟು ಹೊತ್ತು ತಡೆದಿಟ್ಟ ಮಾತೂ ಹೊರಬಂತು.

“ಕಾಯಿಲೆ ಹುಡುಗಿ ಬ್ಯಾಡ ಅಂದೋರು... ಈಗ್ಯಾಕೆ ಇಷ್ಟು ಉಪಚಾರ?”

“ನಾನಾ? ಹುಡುಗಿಗೇ ಇಷ್ಟ ಇಲ್ಲ ಅಂತ ನಿಮ್ಮ ಮಾವ ಫೋನ್ ಮಾಡಿದ್ರಲ್ರಿ!”

ಅವಳು ಧಡಕ್ಕನೆ ಏಳಹೋದಳು.

“ಅಲ್ಲಾಡಬ್ಯಾಡ್ರಿ! ಸೂಜಿ ಐತೆ!”

ಆ ಪ್ರಶ್ನೆಗಳಿಗೆ ಹೆದರಿ, ಗಂಡಿನ ಕಡೆಯವರು ಬೇಡ ಎನ್ನುವ ಮೊದಲು ತಾನೇ ಬೇಡ ಎಂದು, ಇವಳಿಗೆ ಮಾತ್ರ ಅವರೇ ಬೇಡವೆಂದರು ಎಂದು ಹೇಳಿ, ಮನೆಯ ಮರ್ಯಾದೆ ಉಳಿಸಿದ್ದ ಜಂಬಣ್ಣ! ಆಹಾ ಮಾವ, ಎಂಥ ಕೆಲಸ ಮಾಡಿದೆ!

“ತಟ್ಟೆ ಎತ್ತಿದಾಗ ನಿಮ್ಮ ಮುಖ ಕಿವುಚ್ತು,” ಎಂದ ಲಕ್ಷ್ಮೀಕಾಂತ್. “ಅದನ್ನ ನೋಡಿ ತಡ್ಕಳಕ್ಕೆ ಆಗ್ಲಿಲ್ಲ, ಕೇಳಿಬಿಟ್ಟೆ. ತಪ್ಪಾಯ್ತು. ಆದ್ರೆ ಆ ಮುಖ ಇವತ್ತಿಗೂ ಮರೆಯಕ್ಕಾಗಿಲ್ಲ.”

ಅವಳ ಕಣ್ಣಂಚಿನಿಂದ ನೀರು ದಿಂಬಿಗೆ ಇಳಿಯಿತು.

“ನೋವಾಯ್ತಾ? ತೆಗೀಲಾ?”

“ಬ್ಯಾಡ... ಇದು ಸೂಜಿದಲ್ಲ.”

ಬಾಗಿಲ ಬಳಿ ನಿಂತಿದ್ದ ಹುಲಿಗೆಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಸೂಜಿ ತೆಗೆದ ಮೇಲೆ ಶಿವಗಂಗಾ ಕೈ ಎತ್ತಿ ನೋಡಿದಳು. ಪೂರ್ತಿ ಅಲ್ಲ, ಆದರೆ ಭುಜದ ಎತ್ತರಕ್ಕೆ ಬಂತು.

“ಹೊಳಲ್ಕೆರೆಯವರು ಬರೋದು ಬ್ಯಾಡ ಅಂತ ಇವತ್ತೇ ಅವ್ವಂಗೆ ಹೇಳ್ತೀನಿ,” ಎಂದಳು ನೆಲ ನೋಡುತ್ತಾ. “ಭಾನುವಾರ ನೀವು ಬರ್ರಿ. ನೀವು ಮಾತ್ರ ಖಾಲಿ ಹೊಟ್ಟೇಲೇ ಬರ್ಬೇಕು!”

“ಉಪ್ಪಿಟ್ಟು ಮಾಡ್ತೀರಾ?”

“ಹೂಂ.”

“ತಟ್ಟೆ ನೀವು ಎತ್ತಬ್ಯಾಡ್ರಿ. ನಾನೇ ಬಂದು ನಿಮ್ಮ ಕೈಯಿಂದ ಇಸ್ಕಂತೀನಿ.”

“ಎಲ್ಲರ ಎದುರಾ?”

“ಎಲ್ಲರ ಎದುರೇ!”