ಎಡಗೆನ್ನೆಯ ಮಚ್ಚೆ

೧೬೪೨ರ ಮಾರ್ಚ್ ೧೪, ಬೆಳಿಗ್ಗೆ ಹತ್ತು ಗಂಟೆ. ಹಾರ್ಲೆಮ್ ಊರಿನಲ್ಲಿ, ತನ್ನ ತಾಯಿಯ ಅಚ್ಚುಮನೆಯಲ್ಲಿ, ಅಲೈಡಾ ತಾಮ್ರದ ತಗಡಿನ ಮೇಲಿಂದ ಒದ್ದೆ ಕಾಗದವನ್ನು ಮೆಲ್ಲಗೆ ಎತ್ತಿದಳು. ಎತ್ತಿದವಳು ಹಾಗೇ ನಿಂತುಬಿಟ್ಟಳು.

ಕಾಗದದ ಮೇಲೆ, ಹರಕು ಶಾಲು ಹೊದ್ದು ಯಾರದೋ ಬಾಗಿಲಲ್ಲಿ ಕೈಚಾಚಿದ ಭಿಕ್ಷುಕಿ. ಕೊಳ್ಳುವವರು ನಗಲೆಂದು ಎಲ್ಲ ಚಿತ್ರಗಾರರೂ ಅಂಟಿಸುವ ಸೊಟ್ಟ ಮೂಗು, ಬೊಚ್ಚುಬಾಯಿ ಇವಳಿಗಿರಲಿಲ್ಲ. ನೋಡಿದವರೇ ತಲೆ ತಗ್ಗಿಸಬೇಕು, ಅಂಥ ಮುಖ. ಅಲೈಡಾಳದೇ ಮುಖ.

ಆದರೆ ಮಚ್ಚೆ ಎಡಗೆನ್ನೆಯಲ್ಲಿತ್ತು. ಅಲೈಡಾಳ ಮಚ್ಚೆ ಬಲಗೆನ್ನೆಯಲ್ಲಿ. ಎಡಗೆನ್ನೆಯಲ್ಲಿ ಇರುವುದು ಅವಳಿ ತಂಗಿ ಬಾರ್ಟ್ಯೆಗೆ.

ಅಚ್ಚಿನಲ್ಲಿ ಎಡಬಲ ಅದಲುಬದಲಾಗುತ್ತದೆ, ನಿಜ. ಅದಕ್ಕೇ ಇದನ್ನು ಬರೆದ ಚಿತ್ರಗಾರ ಫ್ಲೋರಿಸ್ ಯಾವಾಗಲೂ ಚಿತ್ರವನ್ನು ತಿರುಗಿಸಿ ತಗಡಿನ ಮೇಲೆ ಗೀರುತ್ತಿದ್ದ. ಒಮ್ಮೆಯೂ ತಪ್ಪಿದವನಲ್ಲ. ಈಗಲೂ ತಪ್ಪಿಲ್ಲವೆಂದರೆ ಇವಳು ಬಾರ್ಟ್ಯೆ. ನಾಡಿದ್ದು ಭಾನುವಾರ ಹೆಣ್ಣು ಕೇಳಲು ಬರುತ್ತೇನೆ ಎಂದಿದ್ದ. ಯಾವ ಹೆಣ್ಣೆಂದು ಅವನು ಹೇಳಿರಲಿಲ್ಲ. ತಾನೇ ಎಂದುಕೊಂಡು ಅಲೈಡಾಳೂ ಕೇಳಿರಲಿಲ್ಲ.

ಫ್ಲೋರಿಸ್ ಒಳಬಂದ. "ಹೇಗೆ ಬಂದಿದೆ?"

"ತಂಗಿ ಚೆನ್ನಾಗಿ ಬಂದಿದಾಳೆ, ಕಲಾವಿದರೇ."

"ಯಾವ ತಂಗಿ?"

"ನಂಗಿರೋದೇ ಒಬ್ಳು."

ಅವನು ಕಾಗದ ನೋಡಿದ, ಅವಳ ಕೆನ್ನೆ ನೋಡಿದ, ಮತ್ತೆ ಕಾಗದ ನೋಡಿದ. ಕಿವಿ ಕೆಂಪಾಯಿತು. ಸಿಕ್ಕಿಬಿದ್ದ ಕೆಂಪೋ, ನಾಚಿಕೆಯ ಕೆಂಪೋ? ಅವಳಿಗೆ ಬಗೆಹರಿಯಲಿಲ್ಲ.

"ಕೆಳಗಡೆ ನೋಡು" ಎಂದ.

ಮೂಲೆಯಲ್ಲಿ ಅವನ ಹೆಸರು. ಒಂದೊಂದು ಅಕ್ಷರವೂ ಹಿಂದುಮುಂದು.

"ಅಯ್ಯೋ, ಹೆಸರನ್ನೂ ತಿರುಗಿಸಿಲ್ವಾ? ನಿನ್ನೆ ಕಲಿಯೋಕೆ ಸೇರ್ದೋರೂ ಹೀಗ್ಮಾಡಲ್ಲ!"

"ನೀನಿಲ್ಲಿ ಮಸಿ ಒರೆಸ್ತಾ ನಿಂತಿದ್ದೆ. ನಿನ್ನನ್ನೇ ನೋಡ್ಕೊಂಡು ನೇರ ತಗಡಿಗೇ ಬರೆದೆ. ತಿರುಗಿಸ್ಬೇಕು ಅನ್ನೋದೇ ಮರ್ತೋಯ್ತು."

"ಅದಕ್ಕೆ ಭಿಕ್ಷುಕಿ ಮಾಡ್ಬೇಕಿತ್ತಾ ನನ್ನ?"

"ಇಷ್ಟು ದಿನ ಭಿಕ್ಷುಕರನ್ನ ನಗೋಕೇ ಬರೆದೆ. ಯಾರ ಮುಖ ಇಟ್ರೆ ನಂಗೆ ನಗು ಬರಲ್ಲ ಅಂತ ಯೋಚಿಸ್ದೆ."

ಅವಳಿಗೆ ಸಿಟ್ಟು ಬರಬೇಕಿತ್ತು. ಯಾಕೋ ಕಣ್ಣು ತುಂಬಿತು.

"ಭಾನುವಾರ ನಿಮ್ಮಮ್ಮ ಯಾವ ಮಗಳು ಅಂತ ಕೇಳಿದ್ರೆ?" ಎಂದ ಫ್ಲೋರಿಸ್.

"ಬಲಗೆನ್ನೆಯವಳು ಅನ್ನು. ನಿನ್ನ ಬಲ ಅಲ್ಲ, ನನ್ನ ಬಲ."

"ಇದೇ ತಾನೇ?" ಎಂದು ಅವನು ಬೆರಳು ಎತ್ತಿದ. ಮುಟ್ಟಲಿಲ್ಲ. ಬೆರಳಿಗೂ ಕೆನ್ನೆಗೂ ನಡುವೆ ಉಳಿದದ್ದು ಅರ್ಧ ಅಂಗುಲ.